ಕೋಣಂದೂರು ಎರಡು ಸಲ ಬಂದಿತ್ತು: ಅಡಿಕೆ ಶೆಡ್ಡಿನ ಲೆಕ್ಕವನ್ನು ಲಿಬ್ರೆಆಫೀಸ್‌ನಿಂದ ಪೋಸ್ಟ್‌ಗ್ರೆಸ್‌ಗೆ ಕಟ್ಟಿದ ಪ್ರಕರಣ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರಲ್ಲಿ ಬೆಳೆಗಾರರೇ ಸೇರಿ ನಡೆಸುವ ಅಡಿಕೆ ಸಂಸ್ಕರಣೆಯ ಶೆಡ್ ಇದೆ. ಸುಲಿಯುವವರು ಸಿಗದ ಸಣ್ಣ ಹಿಡುವಳಿದಾರರು ಹಸಿ ಅಡಿಕೆಯನ್ನು ಇಲ್ಲಿಗೆ ತಂದು ತೂಕ ಹಾಕಿಸುತ್ತಾರೆ. ಸುಲಿಯುವುದು, ಚೊಗರಿನಲ್ಲಿ (ಅಡಿಕೆ ಬೆಂದ ಗಾಢ ರಸ) ಬೇಯಿಸುವುದು, ಒಣಗಿಸುವುದು, ಆರಿಸುವುದು ಎಲ್ಲ ಇಲ್ಲೇ. ಒಣಗಿದ ಮಾಲು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆಯಾಗಿ ಶಿವಮೊಗ್ಗದ ಮಂಡಿಗೆ ಹೋಗುತ್ತದೆ. ಯಾರು ಯಾವತ್ತು ಎಷ್ಟು ಹಸಿ ಅಡಿಕೆ ತಂದರು, ಎಷ್ಟು ಮುಂಗಡ ತೆಗೆದುಕೊಂಡರು, ಅವರ ಪಾಲಿಗೆ ಎಷ್ಟು ಒಣ ಅಡಿಕೆ ಬಂತು ಎನ್ನುವುದೇ ಶೆಡ್ಡಿನ ಲೆಕ್ಕ. ಅದನ್ನು ಬರೆಯುವವರು ಒಬ್ಬ ಅಕ್ಕ. ಅವರಿಗೆ ಗಣಕಯಂತ್ರವನ್ನು ಯಾರೂ ಕಲಿಸಿಕೊಟ್ಟಿದ್ದಲ್ಲ. ನೋಡಿ ನೋಡಿ ಕಲಿತು, ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದ ದತ್ತಸಂಚಯ (ಡೇಟಾಬೇಸ್) ಭಾಗವಾದ ಬೇಸ್‌ನಲ್ಲಿ ತಮಗೆ ಬೇಕಾದ ಫಾರಂಗಳನ್ನು ತಾವೇ ಮಾಡಿಕೊಂಡಿದ್ದರು. ಬಟನ್‌ಗಳ ಮೇಲೆ ‘ತೂಕ ಹಾಕು’, ‘ಚೀಟಿ ಕೊಡು’ ಎಂದು ಬರೆದಿದ್ದರು. ನಾನು ಮೊದಲ ಸಲ ನೋಡಿದಾಗ ಈ ಫಾರಂಗಳಿಗೆ ಕೈ ಹಚ್ಚಬಾರದು ಎಂದುಕೊಂಡೆ. ಮುಂದೆ ಮಾಡಿದ ಕೆಲಸವೆಲ್ಲ ಆ ತೀರ್ಮಾನದ ಸುತ್ತಲೇ ನಡೆಯಿತು.

ನನ್ನನ್ನು ಕರೆಸಿದ್ದು ಕೊಯ್ಲು ಜೋರಾಗಿದ್ದ ನವೆಂಬರ್‌ನಲ್ಲಿ. ಒಂದು ಸಂಜೆ ಕರೆಂಟ್ ಹೋಗಿತ್ತು. ಯುಪಿಎಸ್‌ನ ಬ್ಯಾಟರಿ ಸತ್ತು ವರ್ಷವಾಗಿತ್ತು. ಬೆಳಿಗ್ಗೆ ಕಡತ ತೆರೆದರೆ ಹಿಂದಿನ ದಿನ ಮಧ್ಯಾಹ್ನದ ನಂತರದ 37 ತೂಕದ ನಮೂದುಗಳು ಇರಲೇ ಇಲ್ಲ. ಅಕ್ಕ ಪ್ರತಿ ಸಾಲಿಗೂ ಉಳಿಸುವ ಗುಂಡಿ ಒತ್ತಿದ್ದರು. ‘ನಾನು ಉಳಿಸಿದೀನಿ, ಪ್ರತಿಯೊಂದೂ ಉಳಿಸಿದೀನಿ’ ಎಂದು ಮೂರು ಸಲ ಹೇಳಿದರು. ಅವರು ಹೇಳಿದ್ದು ನಿಜ.

ಬೇಸ್‌ನ ಒಡಿಬಿ ಕಡತ ಒಂದು ಜಿಪ್ ಪೆಟ್ಟಿಗೆ. ಫಾರಂ, ವರದಿ, ಪ್ರಶ್ನೆಗಳ (ಕ್ವೆರಿ) ಜೊತೆಗೆ ದತ್ತಾಂಶವೂ ಅದರೊಳಗೇ ಇರುತ್ತದೆ. 2005ರಲ್ಲಿ ಓಪನ್‌ಆಫೀಸ್ 2.0 ಬಂದಾಗ ಬೇಸ್ ಸೇರಿತು. ಅದರ ಹೊಟ್ಟೆಯಲ್ಲಿ ಜಾವಾದಲ್ಲಿ ಬರೆದ ಎಚ್‌ಎಸ್‌ಕ್ಯೂಎಲ್‌ಡಿಬಿ ಎಂಬ ಪುಟ್ಟ ದತ್ತಸಂಚಯ ಇತ್ತು. 2010ರಲ್ಲಿ ಲಿಬ್ರೆಆಫೀಸ್ ಕವಲೊಡೆದಾಗ ಅದೂ ಜೊತೆಗೇ ಬಂತು. ಫಾರಂನಲ್ಲಿ ಒಂದು ಸಾಲು ಉಳಿಸಿದರೆ ಅದು ಓಡುತ್ತಿರುವ ಆ ಎಂಜಿನ್‌ಗೆ ಸೇರುತ್ತದೆ. ಎಂಜಿನ್‌ನಿಂದ ಜಿಪ್ ಪೆಟ್ಟಿಗೆಗೆ ವಾಪಸು ಬರೆಯುವುದು ಮುಖ್ಯ ಕಡತವನ್ನು ಉಳಿಸಿದಾಗ ಅಥವಾ ಮುಚ್ಚಿದಾಗ. ಮನೆಯಲ್ಲಿ ಒಬ್ಬರು ಪುಸ್ತಕಗಳ ಪಟ್ಟಿ ಇಟ್ಟುಕೊಳ್ಳಲು ಇದು ಧಾರಾಳ ಸಾಕು. ಬೆಳಗಿನಿಂದ ಸಂಜೆವರೆಗೆ ತೆರೆದೇ ಇರುವ, ಮಳೆ ಬಂದರೆ ಕರೆಂಟ್ ಹೋಗುವ ಶೆಡ್ಡಿಗೆ ಅಲ್ಲ. ಇದು ಬೇಸ್‌ನ ದೋಷವಲ್ಲ. ಶೆಡ್ಡಿನವರೂ ಅದನ್ನು ಆಯ್ಕೆ ಮಾಡುವಾಗ ಇಷ್ಟು ಮಾಲು ಬರುತ್ತದೆಂದು ಎಣಿಸಿರಲಿಲ್ಲ.

ಹೋದ ನಮೂದುಗಳಲ್ಲಿ ಬಹುಪಾಲನ್ನು ಸದಸ್ಯರ ಬಳಿ ಇದ್ದ ಚೀಟಿ ನೋಡಿ ಮತ್ತೆ ಬರೆದರು. ಒಂದು ಸಿಕ್ಕಲಿಲ್ಲ. ಯಾರದ್ದೆಂದೇ ನೆನಪಿರಲಿಲ್ಲ.

ಇನ್ನೊಂದು ತೊಂದರೆ ಮೊದಲೇ ಇತ್ತು. ತೂಕದ ಕಟ್ಟೆಯಲ್ಲೊಂದು, ಆಫೀಸಿನಲ್ಲೊಂದು ಯಂತ್ರ ಇದ್ದರೂ ಒಂದೇ ಒಡಿಬಿ ಕಡತವನ್ನು ಇಬ್ಬರು ಏಕಕಾಲಕ್ಕೆ ತೆರೆದು ಬರೆಯುವಂತಿರಲಿಲ್ಲ. ಅಕ್ಕ ಕಟ್ಟೆಯಲ್ಲಿದ್ದರೆ ಆಫೀಸಿನಲ್ಲಿ ಮುಂಗಡದ ಲೆಕ್ಕ ನಿಲ್ಲುತ್ತಿತ್ತು. ಹಾಗಾಗಿ ದತ್ತಾಂಶವನ್ನು ಹೊರಗಿನ ಒಂದು ಗಟ್ಟಿ ಎಂಜಿನ್‌ಗೆ ಒಯ್ಯುವುದು, ಬೇಸ್ ಅನ್ನು ಅದರ ಮುಖವಾಗಿ ಉಳಿಸಿಕೊಳ್ಳುವುದು ಎಂದು ನಿರ್ಧರಿಸಿದೆವು. ಒಡಿಬಿ ಕಡತದಲ್ಲಿ ಫಾರಂ, ವರದಿ ಮಾತ್ರ ಉಳಿಯುತ್ತವೆ. ದತ್ತಾಂಶ ಸರ್ವರ್‌ನಲ್ಲಿ ಇರುತ್ತದೆ.

ಮಾರಿಯಾಡಿಬಿ ಮತ್ತು ಪೋಸ್ಟ್‌ಗ್ರೆಸ್ ಎಂಬ ಎರಡು ದತ್ತಸಂಚಯ ಎಂಜಿನ್‌ಗಳು ನನ್ನ ಮುಂದಿದ್ದ ಆಯ್ಕೆಗಳು. ಮಾರಿಯಾಡಿಬಿ ನನಗೆ ಮೊದಲಿನಿಂದ ಪರಿಚಯ, ದೂರುವಂಥದ್ದೇನಿಲ್ಲ. ಪೋಸ್ಟ್‌ಗ್ರೆಸ್‌ಗೆ ಬೇಕಾದ ಚಾಲಕ ತಂತ್ರಾಂಶ 2012ರ 3.5ನೇ ಆವೃತ್ತಿಯಿಂದಲೇ ಲಿಬ್ರೆಆಫೀಸ್‌ನ ಒಳಗೇ ಬರುತ್ತದೆ. ಸಂಪರ್ಕಕ್ಕೆ ಜಾವಾ ಬೇಡ, ಜಾವಾ ಚಾಲಕ ಇರುವ ಜಾರ್ ಕಡತವನ್ನು ಬೇರೆಯಾಗಿ ಸೇರಿಸುವುದು ಬೇಡ, ಲಿಬ್ರೆಆಫೀಸ್ 64 ಬಿಟ್ ಇದ್ದು ಜಾವಾ 32 ಬಿಟ್ ಆಗಿ ಎರಡೂ ಮಾತಾಡದಿರುವ ರಗಳೆ ಬೇಡ. ನಾನು ಇಲ್ಲಿಂದ ಎದ್ದು ಹೋದ ಮೇಲೆ ಯಂತ್ರ ಬದಲಾದರೆ ಅಕ್ಕನೇ ಲಿಬ್ರೆಆಫೀಸ್ ಹಾಕಿಕೊಂಡು ಮುಂದುವರಿಯಬೇಕು. ಅದಕ್ಕೇ ಪೋಸ್ಟ್‌ಗ್ರೆಸ್. ಅದರಲ್ಲಿ ಬದಲಾವಣೆ ಮೊದಲು ಲಾಗ್ ಕಡತಕ್ಕೆ ಹೋಗಿ, ಡಿಸ್ಕ್ ತಲುಪಿದ ಮೇಲಷ್ಟೇ ‘ಆಯಿತು’ ಎಂಬ ಉತ್ತರ ಬರುತ್ತದೆ. ನಡುವೆ ಕರೆಂಟ್ ಹೋದರೆ ಮತ್ತೆ ಎದ್ದಾಗ ಆ ಲಾಗ್ ಓದಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ.

ಜೋಡಣೆಗೆ ಒಂದು ಮಧ್ಯಾಹ್ನ ಸಾಕಾಯಿತು. ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮತ್ತು ಪೋಸ್ಟ್‌ಗ್ರೆಸ್ ಹಾಕಿದೆ. ಹಾಕಿದ ಕೂಡಲೇ ಬೇರೆ ಯಂತ್ರದಿಂದ ಸಂಪರ್ಕ ಸಿಗುವುದಿಲ್ಲ. ಅದು ಮೊದಮೊದಲು ತನ್ನ ಯಂತ್ರದ ಮಾತನ್ನು ಮಾತ್ರ ಕೇಳುತ್ತದೆ. ಯಾವ ವಿಳಾಸದಲ್ಲಿ ಕಿವಿಗೊಡಬೇಕು ಎನ್ನುವುದನ್ನು ಒಂದು ಕಡತದಲ್ಲೂ, ಯಾರನ್ನು ಒಳಗೆ ಬಿಡಬೇಕು ಎನ್ನುವುದನ್ನು ಇನ್ನೊಂದು ಕಡತದಲ್ಲೂ ಬರೆಯಬೇಕು. ಎರಡರಲ್ಲಿ ಒಂದನ್ನು ಮರೆತರೂ ಬೇಸ್‌ಗೆ ಸಂಪರ್ಕ ಸಿಗುವುದಿಲ್ಲ. ಬೇಸ್ ಕಡೆ ಹೊಸ ದತ್ತಸಂಚಯ ಮಾಡುವಾಗ ‘ಇರುವ ದತ್ತಸಂಚಯಕ್ಕೆ ಸಂಪರ್ಕಿಸು’ ಆರಿಸಿ, ಪಟ್ಟಿಯಲ್ಲಿ ಪೋಸ್ಟ್‌ಗ್ರೆಸ್ ತೆಗೆದುಕೊಂಡು, ಸರ್ವರ್‌ನ ವಿಳಾಸ, ದತ್ತಸಂಚಯದ ಹೆಸರು, 5432 ಎಂಬ ಪೋರ್ಟ್ ಕೊಟ್ಟರೆ ಆಯಿತು. ಕಟ್ಟೆಯಿಂದ ಆಫೀಸಿಗೆ ವೈಫೈ ನಂಬದೆ ಕೇಬಲ್ ಎಳೆದೆವು. ಸಿಡಿಲಿನ ದಿನಗಳಲ್ಲಿ ಆ ಕೇಬಲ್ ಕಿತ್ತಿಡಬೇಕು ಎಂದು ಗೋಡೆ ಮೇಲೆ ಬರೆದು ಅಂಟಿಸಿದ್ದೇವೆ. ಮಲೆನಾಡಿನಲ್ಲಿ ಇದು ಪಾಸ್‌ವರ್ಡ್‌ನಷ್ಟೇ ಮುಖ್ಯ.

ಟೇಬಲ್‌ಗಳನ್ನು ಹಳೆಯ ಕಡತದಿಂದ ಹೊಸದಕ್ಕೆ ಬೇಸ್‌ನಲ್ಲೇ ಎಳೆದು ಹಾಕಬಹುದು. ಹಾಕಿದೆ. ಮುಂಗಡದ ಟೇಬಲ್‌ಗೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಪ್ರೈಮರಿ ಕೀ ಇರಲಿಲ್ಲ. ಅದು ತೆರೆಯಿತು, ಕಾಣಿಸಿತು, ಆದರೆ ಹೊಸ ಸಾಲು ಬರೆಯಲು ಬಿಡಲಿಲ್ಲ. ಕೀ ಇಲ್ಲದ ಟೇಬಲ್ ಬೇಸ್‌ಗೆ ಬರೀ ಓದುವ ವಸ್ತು. ಕೀ ಸೇರಿಸಿದ ಮೇಲೆ ಸರಿಹೋಯಿತು.

ಆಮೇಲೆ ಒಂದು ಚೌಕ ಖಾಲಿ ಕಾಣಿಸಿತು. ಅಕ್ಕ ಟೇಬಲ್, ಕಾಲಂ ಎಲ್ಲಕ್ಕೂ ಕನ್ನಡದಲ್ಲೇ ಹೆಸರಿಟ್ಟಿದ್ದರು. ಪೋಸ್ಟ್‌ಗ್ರೆಸ್ ಕನ್ನಡದ ಹೆಸರುಗಳನ್ನು ನಿರಾಯಾಸವಾಗಿ ಒಪ್ಪುತ್ತದೆ. ಆದರೆ ಒಂದು ಹೆಸರಿಗೆ ಅದು ಕೊಡುವ ಜಾಗ 63 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಅಂದರೆ ಕೈಗೆ ಸಿಗುವುದು 21 ಸಂಕೇತ. ಗುಣಿತ, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ಬೇಯಿಸಿ ಒಣಗಿಸಿದ ಅಡಿಕೆಯ ತೂಕ’ ಎಂಬ ಕಾಲಂ ಅಲ್ಲಿ ‘ಬೇಯಿಸಿ ಒಣಗಿಸಿದ ಅಡಿಕೆಯ ತ’ ಆಗಿ ನಿಂತಿತ್ತು. ಫಾರಂ ಪೂರ್ತಿ ಹೆಸರನ್ನು ಹುಡುಕುತ್ತಿತ್ತು, ಸಿಗದೆ ಚೌಕವನ್ನು ಖಾಲಿ ಬಿಡುತ್ತಿತ್ತು. ಕಾಲಂಗೆ ‘ಒಣ ತೂಕ’ ಎಂದು ಹೆಸರು ಬದಲಿಸಿದೆವು. ಫಾರಂನ ಮೇಲಿನ ಶೀರ್ಷಿಕೆ ಅಕ್ಕ ಬರೆದ ಹಾಗೆಯೇ ಉಳಿಯಿತು.

ಇಲ್ಲಿವರೆಗೆ ಬಂದದ್ದು ಸಾಮಾನ್ಯ ತೊಡಕುಗಳು. ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಕೋಣಂದೂರು ಕಡೆಯ ಒಬ್ಬ ಹಿರಿಯರು ತಮ್ಮ ಲೆಕ್ಕ ಕೇಳಲು ಬಂದರು. ತೆರೆಯ ಮೇಲೆ ಅವರ ಹೆಸರಲ್ಲಿ ಮುಂಗಡ ಇತ್ತು, ಅಡಿಕೆ ಇರಲಿಲ್ಲ. ‘ಅಡಿಕೆ ತರದೇ ದುಡ್ಡು ತಗಂಡೆ ಅಂತ ಬರದೀರೇನು?’ ಎಂದರು. ಅವರು ಧ್ವನಿ ಏರಿಸಲಿಲ್ಲ. ಅದಕ್ಕೇ ನಮಗೆ ಹೆಚ್ಚು ಕಷ್ಟವಾಯಿತು. ಸುತ್ತ ಐದಾರು ಜನ ಕುಳಿತಿದ್ದರು.

ಅವರು ಹೋದ ಮೇಲೆ ಊರುವಾರು ಮೊತ್ತ ತೆಗೆದೆ. ಪಟ್ಟಿಯಲ್ಲಿ ಕೋಣಂದೂರು ಎರಡು ಸಾಲಲ್ಲಿ ಬಂತು. ಒಂದರಲ್ಲಿ ಅಡಿಕೆ, ಇನ್ನೊಂದರಲ್ಲಿ ಮುಂಗಡ. ಮೇಗರವಳ್ಳಿಯೂ ಎರಡು, ತೀರ್ಥಹಳ್ಳಿಯೂ ಎರಡು. ಆಗುಂಬೆ ಒಂದೇ, ಮಂಡಗದ್ದೆ ಒಂದೇ, ಮುತ್ತೂರೂ ಒಂದೇ. ಎರಡೂ ಕೋಣಂದೂರುಗಳನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಒಂದು ಗೆರೆಯ ವ್ಯತ್ಯಾಸವಿರಲಿಲ್ಲ.

ಎರಡನ್ನೂ ಲಿಬ್ರೆಆಫೀಸ್‌ನ ಲೆಕ್ಕದ ಹಾಳೆಯಾದ ಕ್ಯಾಲ್ಕ್‌ಗೆ ಅಂಟಿಸಿ ಉದ್ದ ಅಳೆದೆ. ಒಂದರ ಉದ್ದ 8, ಇನ್ನೊಂದರದ್ದು 10. ಒಂದೊಂದೇ ಸಂಕೇತವನ್ನು ಬಿಡಿಸಿ, ಅದರ ಸಂಖ್ಯೆ ಹೇಳುವ ಯೂನಿಕೋಡ್ ಫಂಕ್ಷನ್‌ಗೆ ಕೊಟ್ಟೆ. ಮೊದಲನೆಯದರಲ್ಲಿ ‘ಕ’ ಆದ ಮೇಲೆ 3275, ಅಂದರೆ ಓತ್ವದ ದೀರ್ಘ, ಇಡಿಯಾಗಿ ಒಂದೇ ಸಂಕೇತ. ಎರಡನೆಯದರಲ್ಲಿ ‘ಕ’ ಆದ ಮೇಲೆ 3270, 3266, 3285. ಎತ್ವ ಒಂದು, ಊ ಕಾರದ ಕೊಂಬು ಒಂದು, ದೀರ್ಘದ ಚಿಹ್ನೆ ಒಂದು. ಮೂರೂ ಸೇರಿದರೆ ತೆರೆಯ ಮೇಲೆ ಅದೇ ‘ಕೋ’.

ಇದು ಎಲ್ಲಿಂದ ಬಂತೆಂದು ಅಕ್ಕನನ್ನು ಕೇಳಿದಾಗ ಗೊತ್ತಾಯಿತು. ಸದಸ್ಯರ ಮೂಲ ಪಟ್ಟಿ ಬಹಳ ಹಿಂದೆ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಆಗಿತ್ತು. ಅದನ್ನು ಯಾವುದೋ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡಿದ್ದರು. ಮುಂಗಡದ ಟೇಬಲ್‌ಗೆ ಹೆಸರು, ಊರು ಆ ಪಟ್ಟಿಯಿಂದ ನಕಲಾಗಿ ಬರುತ್ತಿತ್ತು. ತೂಕದ ಕಟ್ಟೆಯಲ್ಲಿ ಕೈಯಿಂದ ಟೈಪ್ ಮಾಡುತ್ತಿದ್ದರು. ಹಳೆಯ ನುಡಿಯಲ್ಲಿ ಅಕ್ಷರವನ್ನು ಅದರ ಆಕಾರದ ತುಂಡುಗಳಾಗಿ ಇಡುತ್ತಿದ್ದರು. ‘ಕೋ’ಗೆ ‘ಕ’ದ ಮೈ ಒಂದು ತುಂಡು, ಎತ್ವ ಒಂದು, ಕೊಂಬು ಒಂದು, ದೀರ್ಘ ಒಂದು. ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ನಂತರ ಬರುತ್ತಿತ್ತು. ಅಚ್ಚಿನ ಮೊಳೆ ಜೋಡಿಸಿದ ಹಾಗೆ. ಆ ಕಾಲಕ್ಕೆ ಅದು ಕನ್ನಡವನ್ನು ಕಚೇರಿಗಳೊಳಗೆ ತಂದ ದಾರಿ, ಅದರ ಬಗ್ಗೆ ನನಗೆ ಗೌರವವಿದೆ. ಈ ಪರಿವರ್ತಕ ಅರ್ಕಾವತ್ತನ್ನು ಸರಿಯಾದ ಜಾಗಕ್ಕೆ ತಂದಿತ್ತು, ದೀರ್ಘಗಳನ್ನು ಮಾತ್ರ ತುಂಡು ತುಂಡಾಗಿಯೇ ಬಿಟ್ಟಿತ್ತು. ಕೋಣಂದೂರಿನ ‘ಕೋ’, ಮೇಗರವಳ್ಳಿಯ ‘ಮೇ’, ತೀರ್ಥಹಳ್ಳಿಯ ‘ತೀ’ ಒಡೆದವು. ಆಗುಂಬೆ, ಮಂಡಗದ್ದೆಗಳಲ್ಲಿ ಒಡೆಯುವಂಥದ್ದು ಇರಲಿಲ್ಲ. ಮುತ್ತೂರಿನ ‘ತ್ತೂ’ ದೀರ್ಘವೇ ಆದರೂ ಅದರ ಕೊಂಬು ಒಂದೇ ತುಂಡು.

ಹಳೆಯ ಕಡತದಲ್ಲೂ ಈ ಒಡಕು ಇತ್ತು. ಆಗ ಎರಡು ಟೇಬಲ್‌ಗಳನ್ನು ಹೆಸರು ಮತ್ತು ಊರಿನ ಮೇಲೆ ಹೊಂದಿಸುತ್ತಿದ್ದದ್ದು ಅಕ್ಕನ ಕಣ್ಣು, ಯಂತ್ರವಲ್ಲ. ನಾನು ಬಂದು ಅದನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ ತಪ್ಪು ಹೊರಬಿತ್ತು. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಎರಡು ಪದ ಸಮವೇ ಎಂದು ನೋಡುವಾಗ ಬೈಟ್‌ಗಳನ್ನೇ ಹೋಲಿಸುತ್ತದೆ. ಯೂನಿಕೋಡ್ ನಿಯಮದ ಪ್ರಕಾರ ಈ ಎರಡೂ ಬರವಣಿಗೆ ಒಂದೇ, ಆದರೆ ಹಾಗೆ ನೋಡು ಎಂದು ಯಾರಾದರೂ ಹೇಳಬೇಕು.

ಹೇಳುವುದಕ್ಕೆ ಎರಡು ದಾರಿಗಳಿದ್ದವು. 12ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ನಲ್ಲಿ ಇಂಥ ಜೋಡಿಗಳನ್ನು ಸಮ ಎಂದು ಒಪ್ಪುವ ವಿಂಗಡಣಾ ಕ್ರಮವನ್ನು ಮಾಡಿಕೊಳ್ಳಬಹುದು. ನಮ್ಮಲ್ಲಿದ್ದ ಆವೃತ್ತಿಯಲ್ಲಿ ಅಂಥ ಕಾಲಂನ ಮೇಲೆ ಹೆಸರಿನ ತುಣುಕು ಕೊಟ್ಟು ಹುಡುಕುವ ಲೈಕ್ ಎಂಬ ಆದೇಶ ನಡೆಯುತ್ತಿರಲಿಲ್ಲ, ಅಕ್ಕ ದಿನವಿಡೀ ಮಾಡುವುದು ಅದನ್ನೇ. ಹಾಗಾಗಿ ಎರಡನೇ ದಾರಿ. 2020ರಲ್ಲಿ ಬಂದ 13ನೇ ಆವೃತ್ತಿಯಲ್ಲಿ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಒಡೆದ ತುಂಡುಗಳನ್ನು ಕೂಡಿಸಿ ಒಂದೇ ಸಂಕೇತ ಮಾಡಿ ಕೊಡುತ್ತದೆ. ಹಳೆಯ ಸಾಲುಗಳನ್ನೆಲ್ಲ ಅದರಿಂದ ಒಮ್ಮೆ ತೊಳೆದೆವು. ಮುಂದೆ ಬರುವ ಪ್ರತಿ ಹೆಸರೂ ಟೇಬಲ್ ಸೇರುವ ಮುಂಚೆ ಅದರ ಮೂಲಕವೇ ಹಾದುಹೋಗಲಿ ಎಂದು, ಸಾಲು ಸೇರುವಾಗ ಸರ್ವರ್‌ನಲ್ಲಿ ತಾನಾಗಿಯೇ ಓಡುವ ಟ್ರಿಗರ್ ಬರೆದೆ. ಬೇಸ್‌ನಿಂದ ಬರಲಿ, ಕ್ಯಾಲ್ಕ್‌ನಿಂದ ಬರಲಿ, ಎಲ್ಲಕ್ಕೂ ಅದೇ ಬಾಗಿಲು. ಈ ಕೆಲಸವನ್ನು ಫಾರಂನ ಮ್ಯಾಕ್ರೋದಲ್ಲಿ ಮಾಡುವವರಿದ್ದಾರೆ. ಅಲ್ಲಿ ಮಾಡಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಫಾರಂ ಒಂದು ಬಾಗಿಲು ಮಾತ್ರ, ಹಿತ್ತಿಲ ಬಾಗಿಲುಗಳು ಬೇಕಾದಷ್ಟಿರುತ್ತವೆ.

ಇಷ್ಟಾದರೂ ಇಬ್ಬರ ಲೆಕ್ಕ ಕೂಡಲಿಲ್ಲ. ಇಬ್ಬರ ಹೆಸರೂ ‘ಕುಮಾರ್’ ಎಂದು ಮುಗಿಯುತ್ತಿತ್ತು. ‘ರ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಕುಳಿತಿತ್ತು. ಅರ್ಧಾಕ್ಷರದ ಪಕ್ಕದ ವ್ಯಂಜನ ಒತ್ತಾಗಿ ಕೆಳಗಿಳಿಯದಿರಲಿ ಎಂದು ನಡುವೆ ಇಡುವ ಶೂನ್ಯ ಅಗಲದ ತಡೆ ಅದು. ಪದದ ನಡುವೆ ಅದಕ್ಕೆ ಕೆಲಸವಿದೆ, ಕೊನೆಯಲ್ಲಿ ಇಲ್ಲ. ನಾರ್ಮಲೈಸ್ ಅದನ್ನು ಮುಟ್ಟುವುದಿಲ್ಲ. ಹೆಸರಿನ ತುದಿಯಲ್ಲಿದ್ದರೆ ಮಾತ್ರ ಕಿತ್ತುಹಾಕು ಎಂದು ಟ್ರಿಗರ್‌ಗೆ ಇನ್ನೊಂದು ಸಾಲು ಸೇರಿಸಿದೆ.

ಇದೆಲ್ಲ ಮಾಡಿದ ಮೇಲೂ ಹೆಸರಿನ ಮೇಲೆ ಲೆಕ್ಕ ನಿಲ್ಲಿಸುವುದು ತಪ್ಪೇ. ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರಿರುವುದು ನಮ್ಮ ಕಡೆ ಹೊಸತಲ್ಲ. ಪ್ರತಿ ಸದಸ್ಯರಿಗೂ ಒಂದು ಸಂಖ್ಯೆ ಕೊಟ್ಟು, ತೂಕ ಮತ್ತು ಮುಂಗಡ ಎರಡೂ ಆ ಸಂಖ್ಯೆಯನ್ನೇ ಹಿಡಿದುಕೊಳ್ಳುವಂತೆ ಮಾಡಿದೆವು. ಫಾರಂನಲ್ಲಿ ಹೆಸರು ಟೈಪ್ ಮಾಡುವ ಚೌಕ ಇದ್ದ ಜಾಗದಲ್ಲಿ ಪಟ್ಟಿ ಚೌಕ ಬಂತು. ಅದು ತೋರಿಸುವುದು ಹೆಸರು ಮತ್ತು ಮನೆತನ, ಒಳಗೆ ಬರೆಯುವುದು ಸಂಖ್ಯೆ. ಅಕ್ಕನ ಫಾರಂನಲ್ಲಿ ಕಣ್ಣಿಗೆ ಕಾಣುವಂತೆ ನಾನು ಮುಟ್ಟಿದ್ದು ಇದೊಂದನ್ನೇ, ಅದೂ ಅವರು ಪಕ್ಕದಲ್ಲಿ ಕುಳಿತಿದ್ದಾಗ.

ಪಟ್ಟಿ ಚೌಕ ಬಂದ ಕೂಡಲೇ ಅವರು ಇನ್ನೊಂದು ಕೊರತೆ ಹೇಳಿದರು. ‘ಹೊಳೆಹೊನ್ನೂರು ಹೊಸನಗರಕ್ಕಿಂತ ಮೊದಲು ಯಾಕೆ ಬರ್ತದೆ? ಸ ಆದಮೇಲೆ ಹ, ಹ ಆದಮೇಲೆ ಳ ಅಲ್ವಾ?’ ಅವರು ಹೇಳಿದ್ದೇ ನಮ್ಮ ಅಕ್ಷರಮಾಲೆ. ಯೂನಿಕೋಡ್ ಸಂಕೇತಗಳ ಸಾಲಿನಲ್ಲಿ ಮಾತ್ರ ಳ ಬಂದು ಕೂತಿರುವುದು ಲ ಪಕ್ಕದಲ್ಲಿ, ವ ಮೊದಲು. ನಮ್ಮ ಸರ್ವರ್ ಸಂಕೇತದ ಕ್ರಮದಲ್ಲೇ ಜೋಡಿಸುತ್ತಿತ್ತು. ಪೋಸ್ಟ್‌ಗ್ರೆಸ್ 10ರಿಂದ ಐಸಿಯು ಎಂಬ ಭಾಷಾ ತಂತ್ರಾಂಶದ ಕನ್ನಡ ವಿಂಗಡಣಾ ಕ್ರಮ ಬಳಸಬಹುದು. ಹೆಸರು, ಊರಿನ ಕಾಲಂಗಳಿಗೆ ಅದನ್ನು ಹಚ್ಚಿದ ಮೇಲೆ ಹೊಸನಗರ ಮೇಲೆ ಬಂತು, ಹೊಳೆಹೊನ್ನೂರು ಕೆಳಗಿಳಿಯಿತು. ಬೇಸ್‌ನಲ್ಲಿ ಏನೂ ಬದಲಿಸಬೇಕಾಗಲಿಲ್ಲ, ವಿಂಗಡಣೆಯ ಕೆಲಸವನ್ನು ಅದು ಸರ್ವರ್‌ಗೇ ಕಳಿಸುತ್ತದೆ. ಒಬ್ಬರು ಸಾಲಿನಲ್ಲಿ ನಿಂತಿರುವಾಗ ಹೆಸರನ್ನು ಅದು ಇರಬೇಕಾದ ಜಾಗದಲ್ಲಿ ಹುಡುಕಿ ಸಿಗದೇ ಹೋಗುವುದು ಸಣ್ಣ ವಿಷಯವಲ್ಲ.

ವರದಿಗಳದ್ದು ಬೇಗ ಮುಗಿಯಿತು. ಪೋಸ್ಟ್‌ಗ್ರೆಸ್‌ಗೇ ವಿಶಿಷ್ಟವಾದ ಪ್ರಶ್ನೆಗಳನ್ನು ಬೇಸ್‌ನಲ್ಲಿ ‘ಎಸ್‌ಕ್ಯೂಎಲ್ ನೇರವಾಗಿ ನಡೆಸು’ ಎಂದು ಕೊಟ್ಟರೆ ಓಡುತ್ತವೆ, ಆದರೆ ಅಲ್ಲಿ ದಿನಾಂಕ ಕೇಳಿ ಪಡೆಯುವ ಸೌಲಭ್ಯ ಕೆಲಸ ಮಾಡುವುದಿಲ್ಲ. ಅಂಥವನ್ನು ಸರ್ವರ್‌ನಲ್ಲೇ ವ್ಯೂ, ಅಂದರೆ ಟೇಬಲ್‌ನಂತೆ ಓದಬಹುದಾದ ಸಿದ್ಧ ಪ್ರಶ್ನೆ, ಮಾಡಿಟ್ಟು, ಬೇಸ್‌ನಿಂದ ಸಾದಾ ಪ್ರಶ್ನೆ ಕೇಳಿದೆವು. ಒಡಿಬಿ ಕಡತವನ್ನು ಲಿಬ್ರೆಆಫೀಸ್‌ನ ಆಯ್ಕೆಗಳಲ್ಲಿ ನೋಂದಾಯಿಸಿದರೆ ಕ್ಯಾಲ್ಕ್ ಮತ್ತು ಪತ್ರ ಬರೆಯುವ ರೈಟರ್ ಎರಡರಲ್ಲೂ ದತ್ತಮೂಲವಾಗಿ ಸಿಗುತ್ತದೆ. ಕಂಟ್ರೋಲ್, ಶಿಫ್ಟ್, ಎಫ್4 ಒತ್ತಿದರೆ ಪಕ್ಕದಲ್ಲೇ ತೆರೆದುಕೊಳ್ಳುತ್ತದೆ. ಸದಸ್ಯರಿಗೆ ಕೊಡುವ ವರ್ಷದ ಲೆಕ್ಕದ ಚೀಟಿ ಈಗ ರೈಟರ್‌ನ ಮೇಲ್ ಮರ್ಜ್‌ನಿಂದ ಬರುತ್ತದೆ.

ಕಟ್ಟೆಯ ಯಂತ್ರದ ಬಳಕೆದಾರರಿಗೆ ತೂಕ ಸೇರಿಸುವ ಹಕ್ಕು ಮಾತ್ರ ಕೊಟ್ಟಿದ್ದೇವೆ, ಅಳಿಸುವ ಹಕ್ಕಿಲ್ಲ. ತಪ್ಪು ಬರೆದರೆ ಅಷ್ಟೇ ತೂಕವನ್ನು ಋಣವಾಗಿ ಇನ್ನೊಂದು ಸಾಲಿನಲ್ಲಿ ಬರೆಯಬೇಕು. ಇದಕ್ಕೆ ಮೊದಲು ಸ್ವಲ್ಪ ವಿರೋಧ ಬಂತು. ಕೈಬರಹದ ಖಾತೆ ಪುಸ್ತಕದಲ್ಲಿ ಅಂಕಿ ಅಳಿಸಿ ತಿದ್ದುವುದನ್ನು ಯಾರೂ ಒಪ್ಪುತ್ತಿರಲಿಲ್ಲ ಎಂದು ನೆನಪಿಸಿದ್ದು ಅಕ್ಕನೇ. ಪ್ರತಿ ರಾತ್ರಿ ಸರ್ವರ್ ತನ್ನ ಪೂರ್ತಿ ನಕಲನ್ನು ತೆಗೆದಿಡುತ್ತದೆ, ಶನಿವಾರ ಅದು ಪೆನ್‌ಡ್ರೈವ್‌ನಲ್ಲಿ ಖಜಾಂಚಿಯ ಮನೆಗೆ ಹೋಗುತ್ತದೆ. ತಿಂಗಳಿಗೊಮ್ಮೆ ಆ ನಕಲನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಎಬ್ಬಿಸಿ ಸಾಲುಗಳ ಎಣಿಕೆ ಹೋಲಿಸುತ್ತೇನೆ. ಯುಪಿಎಸ್‌ಗೆ ಹೊಸ ಬ್ಯಾಟರಿಯೂ ಬಂದಿದೆ.

ಜನವರಿಯಲ್ಲಿ ಕೊಯ್ಲು ಮುಗಿಯುತ್ತಿದ್ದಾಗ ಕೋಣಂದೂರಿನ ಆ ಹಿರಿಯರನ್ನು ಕರೆಸಿ ಲೆಕ್ಕದ ಚೀಟಿ ಕೊಟ್ಟೆವು. ಅವರು ಅಂಗಿಯ ಒಳಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದರು. ಅಡಿಕೆ ಚೊಗರಿನ ಕಲೆ ಹತ್ತಿದ ಪುಟಗಳು, ದಿನಾಂಕ, ಮೂಟೆ, ತೂಕ. ಬೆಂಚಿನ ಮೇಲೆ ಕುಳಿತು ಚೀಟಿಯ ಒಂದೊಂದು ಸಾಲಿಗೂ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತ ಬಂದರು. ಎಲ್ಲ ಕೂಡಿತು. ಕೊನೆಗೆ ಅವರ ಪುಸ್ತಕದಲ್ಲಿ ಒಂದು ಸಾಲು ಉಳಿಯಿತು. ಕರೆಂಟ್ ಹೋದ ದಿನದ್ದು, ಎರಡು ಮೂಟೆ. ಚೀಟಿ ಮಳೆಯಲ್ಲಿ ನೆನೆದು ಹೋಯಿತೆಂದು ಕೇಳಲು ಸಂಕೋಚವಾಗಿ ಸುಮ್ಮನಿದ್ದರಂತೆ.

ಅಕ್ಕ ಪಟ್ಟಿ ಚೌಕದಲ್ಲಿ ಅವರ ಹೆಸರು ಆರಿಸಿ, ಆ ದಿನಾಂಕ, ಆ ತೂಕ ಬರೆದರು. ಷರಾ ಎಂಬಲ್ಲಿ ‘ಸದಸ್ಯರ ಪುಸ್ತಕದಿಂದ’ ಎಂದು ನಮೂದಿಸಿ, ‘ಉಳಿಸು’ ಒತ್ತಿ, ತೆರೆಯನ್ನು ಅವರ ಕಡೆ ತಿರುಗಿಸಿದರು.